ಅಪ್‌ಡೇಟ್: ನಮ್ಮ ಹಳೇ ಬ್ಯಾಸ್ಕೆಟ್‌ಬಾಲ್ ಕೋಚ್ ಸಿಕ್ಕರು

ಶಾಲೆಯಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಸಿದ ಕೋಚ್‌ರನ್ನು ಇಷ್ಟು ವರ್ಷದ ಮೇಲೆ ನೋಡಲು ಹೋಗುತ್ತಿದ್ದೇನೆ, ಅವರಿಗೆ ನನ್ನ ಗುರುತು ಸಿಗದಿದ್ದರೆ ಏನು ಮಾತಾಡಲಿ ಅಂತ ಕೇಳಿದ್ದೆ. ಹಳೇ ಟೀಮ್ ಫೋಟೋ ತಗೊಂಡು ಹೋಗಿ ಅಂದವರಿಗೆಲ್ಲ ಥ್ಯಾಂಕ್ಸ್. ಆದರೆ ಅದನ್ನು ಹೊರಗೆ ತೆಗೆಯುವ ಮೊದಲೇ ಸರ್ ಗುರುತು ಹಿಡಿದರು. ಹೆಸರು ಹೇಳಲಿಲ್ಲ. "ಎಡಗೈ ಡ್ರಿಬಲ್ ಈಗಲಾದರೂ ಬಂತೇನೋ?" ಅಂದರು!

ಆಮೇಲೆ ಮಾತಿಗೆ ಬರವೇ ಇರಲಿಲ್ಲ. ಸರ್ ಆಡುತ್ತಿದ್ದ ಕಾಲಕ್ಕೆ ಪಂದ್ಯ ಅಂದರೆ 20 ನಿಮಿಷದ ಎರಡು ಅವಧಿ, ಚೆಂಡು ಸಿಕ್ಕ ಮೇಲೆ ಶಾಟ್ ಹೊಡೆಯಲು 30 ಸೆಕೆಂಡ್. 2000ರಲ್ಲಿ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫೀಬಾ ಅದನ್ನು 10 ನಿಮಿಷದ ನಾಲ್ಕು ಕ್ವಾರ್ಟರ್, 24 ಸೆಕೆಂಡ್ ಮಾಡಿತು. ಆಟ ಚುರುಕಾಯಿತು ಅಂತ ಅವರಿಗೆ ಖುಷಿಯೇ. ಸಿಟ್ಟೆಲ್ಲ ತ್ರೀ-ಪಾಯಿಂಟ್ ಗೆರೆಯ ಮೇಲೆ (ರಿಂಗ್‌ನಿಂದ ದೂರ ಇರುವ ಈ ಗೆರೆಯ ಹೊರಗಿನಿಂದ ಹಾಕಿದರೆ ಮೂರು ಪಾಯಿಂಟ್). 2010ರಲ್ಲಿ ಅದನ್ನು 6.25 ಮೀಟರ್‌ನಿಂದ 6.75ಕ್ಕೆ ಸರಿಸಿದರೂ ಮಕ್ಕಳು ಅಲ್ಲಿಂದಲೇ ಎಸೆಯುತ್ತಾರೆ, ರಿಂಗ್ ಹತ್ತಿರ ಓಡಿಹೋಗಿ ಹಾಕುವ ಲೇ-ಅಪ್ ಯಾರಿಗೂ ಬೇಡ ಅಂತ ಗೊಣಗಿದರು. ನನಗೆ ದೂರದ ಶಾಟ್ ನೋಡುವುದೇ ಜಾಸ್ತಿ ಇಷ್ಟ. ಆದರೂ ಸುಮ್ನೆ ತಲೆಯಾಡಿಸಿದೆ. (ಅವರ ಜೊತೆ ವಾದ ಮಾಡಿದವರಿಗೆ ಕೋರ್ಟ್ ಸುತ್ತ ಓಟ ಗ್ಯಾರಂಟಿ ಇತ್ತು, ಅಭ್ಯಾಸಬಲ ಅಲ್ವಾ!)

ಕುರ್ಚಿಯಲ್ಲಿ ಕೂತೇ ಫ್ರೀ ಥ್ರೋ (ಫೌಲ್ ಆದಾಗ ಅಡ್ಡಿಯಿಲ್ಲದೆ ಎಸೆಯುವ ಶಾಟ್) ಪಾಠವೂ ಆಯಿತು. ಮೊಣಕೈ ರಿಂಗ್ ಕಡೆ ಇರಬೇಕು, ಚೆಂಡು ಬಿಟ್ಟ ಮೇಲೂ ಮಣಿಕಟ್ಟು ಬಾಗಿಯೇ ಇರಬೇಕು. ಅದೇ ಗದರು ದನಿ.

ಮುಂದಿನ ಸಲ ಉಳಿದವರನ್ನೂ ಕರೆದುಕೊಂಡು ಬಾ ಅಂದಿದ್ದಾರೆ. ಈಗ ಎಲ್ಲರ ಫೋನ್ ನಂಬರ್ ಹುಡುಕುತ್ತಿದ್ದೇನೆ.