ಎತ್ತರದ ಸಲಾಡ್ ಟೊಮೆಟೊ: ಬೀಜದಿಂದ ಹಣ್ಣಿನವರೆಗೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ನಾನು ಬಹಳ ವರ್ಷಗಳಿಂದ ತರಕಾರಿ ಸಸಿ ಬೆಳೆಸುವ ಕೆಲಸದಲ್ಲಿದ್ದೇನೆ. ಆಳೆತ್ತರ ಮೀರಿ ಬೆಳೆಯುವ ಟೊಮೆಟೊ ಬಗ್ಗೆ ಗುಂಪಿನಲ್ಲಿ ಪ್ರಶ್ನೆಗಳು ಜಾಸ್ತಿ ಆಗಿವೆ. ಒಂದೊಂದಾಗಿ ಉತ್ತರಿಸುತ್ತೇನೆ.

ಪ್ರಶ್ನೆ: ಸರ್, ಮನಿಮೇಕರ್ ತಳಿಯ ಬೀಜ ಹಾಕಿದ್ದೆ. ಏಳನೇ ದಿನಕ್ಕೆ ಮೊಳಕೆ ಬಂತು. ಈಗ ಸಸಿಗಳು ದಾರದ ಹಾಗೆ ಉದ್ದ ಬೆಳೆದು ಕಿಟಕಿ ಕಡೆಗೆ ವಾಲಿವೆ. ನಾಲ್ಕೈದು ಬುಡದಲ್ಲೇ ಮುರಿದು ಬಿದ್ದಿವೆ. ಗೊಬ್ಬರ ಕಮ್ಮಿ ಆಯ್ತಾ?

ಉತ್ತರ: ಗೊಬ್ಬರ ಕಾರಣ ಅಲ್ಲ, ಮೇಡಂ. ನೀವು ಹೇಳಿದ್ದರಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ.

ಸಸಿ ವಾಲಿರುವುದು ಬೆಳಕು ಸಾಲದ್ದಕ್ಕೆ. ಮೊಳಕೆ ಬರುವವರೆಗೆ ಬೀಜಕ್ಕೆ ಬೇಕಾದ್ದು ಬೆಚ್ಚಗಿನ ಜಾಗ, 21ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನ. ಮೊಳಕೆ ತಲೆ ಎತ್ತಿದ ದಿನವೇ ಅದಕ್ಕೆ ಬೇಕಾದ್ದು ಬದಲಾಗುತ್ತದೆ. ಆಮೇಲೆ ಬೆಳಕು ಮುಖ್ಯ, ಶಾಖ ಸ್ವಲ್ಪ ಕಮ್ಮಿಯಾದರೂ ನಡೆಯುತ್ತದೆ. ಬೆಚ್ಚಗಿದ್ದು ಬೆಳಕಿಲ್ಲದಿದ್ದರೆ ಸಸಿ ಬೆಳಕು ಹುಡುಕಿಕೊಂಡು ಉದ್ದವಾಗುತ್ತದೆ, ದಪ್ಪವಾಗುವುದಿಲ್ಲ.

ಬಿದ್ದಿರುವ ಸಸಿ ಒಂದನ್ನು ಎತ್ತಿ ನೋಡಿ. ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ಬೆಂದ ಹಾಗೆ ಮೆತ್ತಗಾಗಿ, ಕಂದು ತಿರುಗಿ, ಸೊರಗಿದೆಯಾ? ಹಾಗಿದ್ದರೆ ಅದು ಸಸಿ ಕೊಳೆ ರೋಗ. ಸದಾ ಒದ್ದೆಯಾಗಿರುವ ಮಣ್ಣು, ಒತ್ತೊತ್ತಾಗಿ ಬೆಳೆದ ಸಸಿ, ಗಾಳಿ ಆಡದ ಜಾಗ, ಈ ಮೂರೂ ಸೇರಿದರೆ ಒಂದೇ ರಾತ್ರಿಯಲ್ಲಿ ಸಾಲಾಗಿ ಮಲಗುತ್ತವೆ. ಬಿದ್ದವನ್ನು ತೆಗೆದುಹಾಕಿ. ಟ್ರೇ ಮೇಲೆ ಮುಚ್ಚಿದ್ದೇನಾದರೂ ಇದ್ದರೆ ತೆಗೆಯಿರಿ. ಮೇಲ್ಮಣ್ಣು ಆರಿದ ಮೇಲಷ್ಟೇ ನೀರು ಕೊಡಿ, ಅದೂ ತಳದಿಂದ ಹೀರಿಕೊಳ್ಳುವ ಹಾಗೆ.

ಉಳಿದ ಸಸಿಗಳಲ್ಲಿ ಬೀಜದೆಲೆಗಳ (ಮೊಳಕೆಯಲ್ಲಿ ಮೊದಲು ಬಿಚ್ಚಿಕೊಳ್ಳುವ ಜೋಡಿ ಎಲೆಗಳ) ನಡುವೆ ಅಂಚು ಸೀಳಿದ ನಿಜವಾದ ಎಲೆ ಮೂಡುತ್ತಿರಬೇಕು. ಅದು ಕಂಡ ಕೂಡಲೇ ಒಂದೊಂದನ್ನೂ ಬೇರೆ ಕುಂಡಕ್ಕೆ ಹಾಕಿ. ಎತ್ತುವಾಗ ಎಲೆ ಹಿಡಿದು ಎತ್ತಿ, ಕಾಂಡ ಹಿಡಿಯಬೇಡಿ. ಒಂದು ಎಲೆ ಹರಿದರೆ ಸಸಿ ಬದುಕುತ್ತದೆ, ಕಾಂಡ ನಲುಗಿದರೆ ಮುಗಿಯಿತು.

ಅದೇ ಓದುಗರು: ಉದ್ದ ಬೆಳೆದದ್ದನ್ನು ಬಿಸಾಡಿ ಹೊಸದಾಗಿ ಬೀಜ ಹಾಕಲಾ?

ಉತ್ತರ: ಬೇಡ, ಬೇಡ! ಟೊಮೆಟೊಗೆ ಒಂದು ಒಳ್ಳೆಯ ಗುಣ ಇದೆ. ಅದರ ಕಾಂಡ ಮಣ್ಣಿನೊಳಗೆ ಹೋದರೆ ಅಲ್ಲೆಲ್ಲ ಬೇರು ಬಿಡುತ್ತದೆ. ಬೀಜದೆಲೆಯವರೆಗೂ ಹೂತುಬಿಡಿ. ಕೊನೇ ನಾಟಿಯಲ್ಲೂ ಹಾಗೇ ಮಾಡಿ, ಕೆಳಗಿನ ಎಲೆ ಚಿವುಟಿ ಆಳಕ್ಕೆ ಇಡಿ. ಬೀಜ ಹಾಕಿದ ಐದಾರು ವಾರಕ್ಕೆ ಸಸಿ ನಾಟಿಗೆ ಬರುತ್ತದೆ. ಅದಕ್ಕೆ ಮೊದಲು ಒಂದು ವಾರ ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹೊರಗಿನ ಬಿಸಿಲು, ಗಾಳಿಗೆ ಒಗ್ಗಿಸಿ. ನೆರಳಲ್ಲಿ ಬೆಳೆದ ಎಲೆ ಒಮ್ಮೆಗೇ ಬಿಸಿಲು ಕಂಡರೆ ಕಾಗದದ ಹಾಗೆ ಬೆಳ್ಳಗಾಗಿ ಸುಡುತ್ತದೆ. ಗಿಡದಿಂದ ಗಿಡಕ್ಕೆ 45ರಿಂದ 60 ಸೆಂ.ಮೀ. ಜಾಗ ಬಿಡಿ.

ಪ್ರಶ್ನೆ: ಅಣ್ಣಾ, ಕಂಕುಳ ಚಿಗುರು ತೆಗೆಯಬೇಕು ಅಂತಾರೆ. ಯಾವುದು ಚಿಗುರು, ಯಾವುದು ಹೂಗೊಂಚಲು ಅಂತ ಗೊತ್ತಾಗದೆ ಎರಡು ಗೊಂಚಲನ್ನೇ ಕಿತ್ತುಬಿಟ್ಟೆ.

ಉತ್ತರ: ಬೇಜಾರಾಗಬೇಡಿ, ಮೇಲೆ ಇನ್ನೂ ಗೊಂಚಲು ಬರುತ್ತವೆ. ಗುರುತು ಸುಲಭ. ಎಲೆಯ ದಂಟು ಕಾಂಡಕ್ಕೆ ಸೇರುವ ಮೂಲೆ ಇದೆಯಲ್ವಾ, ಅಲ್ಲಿಂದ ಹುಟ್ಟುವುದು ಕಂಕುಳ ಚಿಗುರು. ಹೂಗೊಂಚಲು ಆ ಮೂಲೆಯಿಂದ ಬರುವುದಿಲ್ಲ. ಎರಡು ಎಲೆಗಳ ನಡುವೆ, ಬರಿಯ ಕಾಂಡದಿಂದ ನೇರ ಹೊರಡುತ್ತದೆ. ಅನುಮಾನ ಬಂದರೆ ನಾಲ್ಕು ದಿನ ಬಿಡಿ. ಎಲೆ ಬಿಟ್ಟರೆ ಚಿಗುರು, ಮೊಗ್ಗು ಬಿಟ್ಟರೆ ಗೊಂಚಲು.

ಪೊದೆಯಾಗಿ ಬೆಳೆಯುವ ಗಿಡ್ಡ ತಳಿಯಲ್ಲಿ ಕಾಂಡದ ತುದಿ ಹೂಗೊಂಚಲಾಗಿ ಬೆಳವಣಿಗೆ ತಾನೇ ನಿಲ್ಲುತ್ತದೆ. ಅದರ ಚಿಗುರು ಕಿತ್ತರೆ ಹಣ್ಣೇ ಕಮ್ಮಿ ಆಗುತ್ತದೆ. ಎತ್ತರದ ತಳಿಯಲ್ಲಿ ಸುಳಿ ನಿಲ್ಲುವುದೇ ಇಲ್ಲ, ಸುಮಾರು ಮೂರು ಎಲೆಗೊಂದು ಗೊಂಚಲು ಬಿಡುತ್ತಾ ಎರಡು ಮೀಟರ್ ದಾಟುತ್ತದೆ. ಪ್ರತಿ ಚಿಗುರನ್ನೂ ಬಿಟ್ಟರೆ ಒಂದೊಂದೂ ಇನ್ನೊಂದು ಗಿಡವಾಗಿ, ಒಳಗೆ ಗಾಳಿ ಬೆಳಕು ಹೋಗದೆ ರೋಗಕ್ಕೆ ಮನೆಯಾಗುತ್ತದೆ. ಚಿಗುರು ಬೆರಳುದ್ದ ಆಗುವ ಮೊದಲೇ, ಬೆಳಗ್ಗೆ ಗಿಡ ಗಟ್ಟಿಯಾಗಿರುವಾಗ ಪಕ್ಕಕ್ಕೆ ಬಗ್ಗಿಸಿ. ಟಕ್ ಅಂತ ಮುರಿಯುತ್ತದೆ. ವಾರಕ್ಕೊಮ್ಮೆಯಾದರೂ ನೋಡಿ.

ಗಿಡದ ಆಸರೆಗೆ ಬೇಕಾದ ಕೋಲನ್ನು ನಾಟಿ ದಿನವೇ ಊರಿ, ಆಮೇಲೆ ಊರಿದರೆ ಬೇರು ಹರಿಯುತ್ತದೆ. ಕೋಲಿಗೂ ಕಾಂಡಕ್ಕೂ ದಾರವನ್ನು ಇಂಗ್ಲಿಷ್ 8ರ ಆಕಾರದಲ್ಲಿ ಸಡಿಲವಾಗಿ ಕಟ್ಟಿ.

ಪ್ರಶ್ನೆ: ಸರ್, ಕಾಯಿ ನೋಡಲು ಚೆನ್ನಾಗಿದೆ, ತಿರುಗಿಸಿದರೆ ತಳ ಕಪ್ಪಗೆ, ಚರ್ಮದ ಹಾಗಿದೆ. ಔಷಧಿ ಏನು ಹೊಡೆಯಲಿ? ಮೊಟ್ಟೆ ಚಿಪ್ಪು ಹಾಕಿ ಅಂತ ಒಬ್ಬರು ಹೇಳಿದರು, ಹಾಕಿದೆ. ಏನೂ ಆಗಲಿಲ್ಲ.

ಉತ್ತರ: ದಯವಿಟ್ಟು ಏನೂ ಹೊಡೆಯಬೇಡಿ. ಇದು ಅಂಟುವ ರೋಗವಲ್ಲ, ಹುಳವೂ ಅಲ್ಲ. ಕಾಯಿಯ ತಳಕ್ಕೆ ಕ್ಯಾಲ್ಸಿಯಂ ತಲುಪದೆ ಅಲ್ಲಿನ ಭಾಗ ಸತ್ತಿರುವುದು. ಆದರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಇಲ್ಲ ಅಂತ ಅರ್ಥವಲ್ಲ. ಹೆಚ್ಚಿನ ಸಲ ಇರುತ್ತದೆ, ಮೇಲಕ್ಕೆ ಹೋಗಿರುವುದಿಲ್ಲ.

ಕ್ಯಾಲ್ಸಿಯಂ ಹೋಗುವುದು ನೀರಿನ ಜೊತೆ. ನೀರನ್ನು ಮೇಲಕ್ಕೆ ಎಳೆಯುವುದು ಎಲೆ, ಯಾಕೆಂದರೆ ಎಲೆಯಿಂದ ನೀರು ಸದಾ ಆವಿಯಾಗುತ್ತಿರುತ್ತದೆ. ನುಣುಪು ಚರ್ಮದ ಕಾಯಿಯಿಂದ ಹಾಗೆ ಆವಿ ಹೋಗುವುದು ಬಹಳ ಕಮ್ಮಿ. ಹಾಗಾಗಿ ಮಣ್ಣು ಒಣಗಿದ ದಿನ ಇರುವ ನೀರೆಲ್ಲ ಎಲೆಗೆ ಹೋಗುತ್ತದೆ, ಕಾಯಿಗೆ ಸಾಲುವುದಿಲ್ಲ. ಅದರಲ್ಲೂ ತೊಟ್ಟಿನಿಂದ ದೂರ ಇರುವ ತಳಕ್ಕೆ ಕೊನೇ ಪಾಲು. ಕುಂಡದ ಗಿಡದಲ್ಲಿ ಇದು ಜಾಸ್ತಿ. ಮೊಟ್ಟೆ ಚಿಪ್ಪು ಕರಗಲು ತಿಂಗಳುಗಟ್ಟಲೆ ಬೇಕು, ಕರಗಿದರೂ ಹೊತ್ತುಕೊಂಡು ಹೋಗಲು ನೀರು ಬೇಕಲ್ವಾ?

ಒಂದು ಸಲ ನನಗೇ ಹೀಗಾಗಿತ್ತು. ಬೇರೆ ಕೆಲಸದ ಮೇಲೆ ನಾಲ್ಕು ದಿನ ಗಿಡದ ಹತ್ತಿರ ಹೋಗಲಾಗಲಿಲ್ಲ. ಬಂದು ನೋಡಿದರೆ ಬಾಡಿತ್ತು. ಗಾಬರಿಯಲ್ಲಿ ಬುಡ ತುಂಬುವ ಹಾಗೆ ನೀರು ಹುಯ್ದೆ, ಸಂಜೆಗೆ ಚೇತರಿಸಿಕೊಂಡಿತು. ಎರಡು ವಾರ ಕಳೆದ ಮೇಲೆ ಮೂರನೇ ಗೊಂಚಲಿನ ಕಾಯಿಗಳ ತಳ ಕಪ್ಪಾಯಿತು. ಕೆಳಗಿನ ದೊಡ್ಡ ಕಾಯಿಗಳಿಗೆ ಏನೂ ಆಗಿರಲಿಲ್ಲ. ಬಾಡಿದ ದಿನ ಹೀಚಾಗಿದ್ದವೇ ಪೆಟ್ಟು ತಿಂದಿದ್ದವು.

ಮಣ್ಣಿಗೆ ಬೆರಳು ಚುಚ್ಚಿ ನೋಡಿ. ಐದು ಸೆಂ.ಮೀ. ಆಳದಲ್ಲಿ ತೇವ ಇದ್ದರೆ ಬಿಡಿ, ಇಲ್ಲದಿದ್ದರೆ ನಿಧಾನವಾಗಿ ಬುಡಕ್ಕೆ ಕೊಡಿ. ಒಣ ಎಲೆ ಅಥವಾ ಹುಲ್ಲನ್ನು ಬುಡಕ್ಕೆ ಹೊದಿಸಿ. ಸಾರಜನಕದ ಗೊಬ್ಬರ ಜಾಸ್ತಿ ಹಾಕುತ್ತಿದ್ದರೆ ನಿಲ್ಲಿಸಿ, ಅದು ಎಲೆಯನ್ನೇ ಹೆಚ್ಚಿಸುತ್ತದೆ. ಮೊದಲ ಗೊಂಚಲು ಕಾಯಿ ಕಟ್ಟಿದ ಮೇಲೆ ಪೊಟ್ಯಾಷ್ ಹೆಚ್ಚಿರುವ ಗೊಬ್ಬರ ಕೊಡಿ. ಕಪ್ಪಾದ ಕಾಯಿ ಸರಿಯಾಗುವುದಿಲ್ಲ, ಕಿತ್ತುಬಿಡಿ. ಹೊಸ ಕಾಯಿ ಚೆನ್ನಾಗಿ ಬರುತ್ತವೆ.

ಪ್ರಶ್ನೆ: ಹೂ ಬರುತ್ತೆ, ಉದುರುತ್ತೆ. ಜೇನುನೊಣ ಇಲ್ಲದ್ದಕ್ಕಾ?

ಉತ್ತರ: ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗ ಇವೆ. ಅಲುಗಾಡಿದರೆ ಸಾಕು, ಅದರ ಪರಾಗ ಅದಕ್ಕೇ ಬೀಳುತ್ತದೆ. ಗಾಳಿ ಇಲ್ಲದ ಜಾಗವಾದರೆ ಮಧ್ಯಾಹ್ನದ ಹೊತ್ತು ಗೊಂಚಲಿನ ದಂಟನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ. ಹಗಲು 32 ಡಿಗ್ರಿ ದಾಟುತ್ತಿದ್ದರೆ ಅಥವಾ ರಾತ್ರಿ 13ಕ್ಕಿಂತ ಕೆಳಗೆ ಇಳಿಯುತ್ತಿದ್ದರೆ ಪರಾಗ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಹೂ ಉದುರುವುದು ಸಹಜ, ಹವೆ ತಿರುಗಿದರೆ ನಿಲ್ಲುತ್ತದೆ.

ಪ್ರಶ್ನೆ: ಪೂರ್ತಿ ಕೆಂಪಾಗಲಿ ಅಂತ ಬಿಟ್ಟರೆ ಮಳೆ ಬಂದು ಹಣ್ಣು ಸೀಳುತ್ತಿದೆ. ಬೇಗ ಕಿತ್ತರೆ ರುಚಿ ಹೋಗುತ್ತಾ?

ಉತ್ತರ: ಇಲ್ಲ ಮೇಡಂ, ಧೈರ್ಯವಾಗಿ ಕೀಳಿ. ತಳದಲ್ಲಿ ನಸುಗೆಂಪು ಮೂಡಿ ದೋರೆಗಾಯಿ ಆದಾಗ ಕಿತ್ತು ಒಳಗಿಟ್ಟರೂ ತಾನೇ ಚೆನ್ನಾಗಿ ಹಣ್ಣಾಗುತ್ತದೆ. ಕೆಂಪು ಬಣ್ಣ ಬರಲು 20ರಿಂದ 25 ಡಿಗ್ರಿ ಒಳ್ಳೆಯದು. ತುಂಬಾ ಬಿಸಿ ಇದ್ದರೆ ಗಿಡದಲ್ಲೇ ಬಿಟ್ಟರೂ ಹಳದಿ ಮಿಶ್ರಿತ ಬಣ್ಣಕ್ಕೆ ನಿಲ್ಲುತ್ತದೆ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ, ಅಲ್ಲಿ ಹಣ್ಣಾಗುವುದೂ ನಿಲ್ಲುತ್ತದೆ, ಪರಿಮಳವೂ ಹೋಗುತ್ತದೆ. ಕೀಳುವಾಗ ಎಳೆಯಬೇಡಿ. ತೊಟ್ಟಿನ ಮೇಲೆ ಸಣ್ಣ ಗಂಟಿದೆ, ಅದರ ಮೇಲೆ ಹೆಬ್ಬೆರಳಿಟ್ಟು ಒತ್ತಿ. ತೊಟ್ಟು ಸಮೇತ ಕೈಗೆ ಬರುತ್ತದೆ.

ಪ್ರಶ್ನೆ: ಮುಂದಿನ ಸಲಕ್ಕೆ ಇದೇ ಹಣ್ಣಿನ ಬೀಜ ಹಾಕಬಹುದಾ?

ಉತ್ತರ: ಮನಿಮೇಕರ್‌ನಂಥ ತಳಿಯಾದರೆ ಹಾಕಬಹುದು. ಪೊಟ್ಟಣದ ಮೇಲೆ ಎಫ್1 ಅಂತಿದ್ದರೆ ಅದು ಹೈಬ್ರಿಡ್, ಬೀಜದಿಂದ ಅದೇ ಗಿಡ ಬರುವುದಿಲ್ಲ. ಗಿಡದಲ್ಲೇ ಚೆನ್ನಾಗಿ ಮಾಗಿದ ಹಣ್ಣಿನ ಲೋಳೆ ಸಮೇತ ಬೀಜವನ್ನು ಲೋಟಕ್ಕೆ ಹಾಕಿ, ಎರಡು ಮೂರು ದಿನ ಹುಳಿಯಲು ಬಿಡಿ. ಮೇಲೆ ಬಿಳಿ ಪೊರೆ ಕಟ್ಟುತ್ತದೆ, ವಾಸನೆ ಬರುತ್ತದೆ, ಹೆದರಬೇಡಿ. ಮೊಳಕೆ ತಡೆಯುವ ಲೋಳೆ ಹೀಗೆ ಹುಳಿತಾಗಲೇ ಬೀಜದಿಂದ ಬಿಟ್ಟುಹೋಗುತ್ತದೆ. ನೀರು ಹಾಕಿ ಕಲಕಿ, ತಳಕ್ಕೆ ಇಳಿದ ಬೀಜ ಮಾತ್ರ ಇಟ್ಟುಕೊಳ್ಳಿ. ತಟ್ಟೆಯಲ್ಲಿ ಹರಡಿ ನೆರಳಲ್ಲಿ ಒಣಗಿಸಿ. ಪೇಪರ್ ಮೇಲೆ ಬೇಡ, ಅಂಟಿಕೊಂಡರೆ ಬಿಡಿಸಲು ಆಗುವುದಿಲ್ಲ.