ಹಡಗು ಇಳಿದು ಬಂದವರ ಪ್ರಶ್ನೆಗಳು, ಡಾಕ್ಟರ ಉತ್ತರ

ಅಡ್ಮಿನ್: ನಮ್ಮೂರಿನ ಹದಿನೆಂಟು ಜನ ಮುಂಬೈಯಿಂದ ಲಕ್ಷದ್ವೀಪಕ್ಕೆ ಕ್ರೂಸ್ ಹೋಗಿ, ನಿನ್ನೆ ಬೆಳಗ್ಗೆ ನೇತ್ರಾವತಿ ರೈಲಿನಲ್ಲಿ ಕಾಸರಗೋಡಿಗೆ ಬಂದಿಳಿದಿದ್ದಾರೆ. ಅರ್ಧ ಜನಕ್ಕೆ ಏನಾದರೊಂದು ತೊಂದರೆ. ನಮ್ಮ ಡಾಕ್ಟರಿಗೆ ಇವತ್ತು ರಜೆ, ಇಲ್ಲೇ ಕೇಳಿ. ಫಾರ್ವರ್ಡ್ ಬೇಡ.

ಉಪ್ಪಳದ ಸದಸ್ಯ: ಡಾಕ್ಟ್ರೇ, ಹಡಗಿಂದ ಇಳಿದು ಎರಡು ದಿನ ಆಯಿತು, ಇನ್ನೂ ನೆಲ ಅಲ್ಲಾಡ್ತಾ ಉಂಟು. ಕಣ್ಣು ಮುಚ್ಚಿ ತಲೆಗೆ ನೀರು ಹೊಯ್ಯುವಾಗ ಬಚ್ಚಲಿನ ಗೋಡೆ ಹಿಡಿಯಬೇಕು. ಕಾರಿನಲ್ಲಿ ಕೂತರೆ ಮಾತ್ರ ಏನೂ ಇಲ್ಲ. ಬಿಪಿಯಾ?

ಡಾಕ್ಟರ್: ಬಿಪಿ ಬೇಕಾದರೆ ಒಮ್ಮೆ ನೋಡಿಸಿ, ಆದರೆ ಇದು ಅದಲ್ಲ ಅನ್ನಿಸುತ್ತದೆ. ಅಷ್ಟು ದಿನ ಓಲಾಡುವ ಹಡಗಿಗೆ ಮೆದುಳು ಹೊಂದಿಕೊಂಡಿತ್ತು, ಈಗ ಗಟ್ಟಿ ನೆಲಕ್ಕೆ ಮತ್ತೆ ಹೊಂದಿಕೊಳ್ಳಬೇಕು. ಕಾರಿನಲ್ಲಿ ಸರಿಹೋಗುತ್ತದೆ ಅಂದಿರಲ್ಲ, ಅದೇ ಇದರ ಗುರುತು. ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಹೋಗುತ್ತದೆ. ನಡೆಯಿರಿ, ನಿದ್ದೆ ಮಾಡಿ, ಸ್ಕೂಟರ್ ಬೇಡ. ಮಾತು ತೊದಲಿದರೆ, ಕೈಕಾಲು ಸೋತರೆ ಆಗ ಕಾಯಬೇಡಿ.

ಪೆರ್ಲದ ಸದಸ್ಯೆ: ನನಗೂ ಹಾಗೇ ತೂಗ್ತದೆ. ಅವೊಮಿನ್ ತಗೊಳ್ಳಬಹುದಾ?

ಡಾಕ್ಟರ್: ಅದು ವಾಂತಿ ಬಾರದ ಹಾಗೆ ಹಡಗು ಹತ್ತುವ ಮೊದಲು ತಗೊಳ್ಳುವ ಮಾತ್ರೆ. ಈಗ ತಗೊಂಡರೆ ತೂಕಡಿಕೆ ಬರುತ್ತದೆ ಅಷ್ಟೇ. ಮೇಲೆ ಓದಿ.

ಬದಿಯಡ್ಕದ ಸದಸ್ಯೆ: ಕೊನೆಯ ರಾತ್ರಿ ಬಫೆ ತಿಂದದ್ದು, ರೈಲಿನಲ್ಲೇ ಮಗನಿಗೆ ವಾಂತಿ ಭೇದಿ ಶುರು. ಇವತ್ತು ಇವರಿಗೂ ಬಂತು. ಕೈಗೆಲ್ಲ ಸ್ಯಾನಿಟೈಸರ್ ಹಾಕಿದ್ದೇವೆ.

ಡಾಕ್ಟರ್: ಹಡಗಿನಲ್ಲಿ ಹರಡುವ ನೊರೊವೈರಸ್ ಹೀಗೇ ಬರುತ್ತದೆ, ಒಬ್ಬರಿಂದ ಒಬ್ಬರಿಗೆ, 12ರಿಂದ 48 ಗಂಟೆಯಲ್ಲಿ. ಸ್ಯಾನಿಟೈಸರಿಗೆ ಅದು ಸರಿಯಾಗಿ ಸಾಯುವುದಿಲ್ಲ. ಸೋಪು, ನೀರು. ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ಮಗ ಮೂತ್ರ ಮಾಡದಿದ್ದರೆ, ಮಂಕಾದರೆ ಆಸ್ಪತ್ರೆಗೆ.

ನೀರ್ಚಾಲಿನ ಸದಸ್ಯ: ಮುಂದಿನ ತಿಂಗಳು ನಾವೂ ಹೋಗುವುದು. ಮೊದಲೇ ಯಾವುದಾದರೂ ಇಂಜೆಕ್ಷನ್ ಬೇಕಾ?

ಮುಳ್ಳೇರಿಯದ ಸದಸ್ಯೆ: ನಮ್ಮ ಅತ್ತೆಗೆ 61. ರೈಲಿಂದ ಇಳಿದಾಗಿನಿಂದ ಬಲಗಾಲಿನ ಮೀನಖಂಡ ನೋವು, ಸ್ವಲ್ಪ ಬಾತಿದೆ. ಸುಸ್ತಿಗೆ ಇರಬೇಕು ಅಂತ ಬಿಟ್ಟೆವು.

ಕುಂಬಳೆಯ ಸದಸ್ಯ: ಕರ್ಪೂರಾದಿ ಎಣ್ಣೆ ಬಿಸಿ ಮಾಡಿ ಚೆನ್ನಾಗಿ ತಿಕ್ಕಿ ಅಕ್ಕ. ಮೇಲೆ ಬಿಸಿನೀರಿನ ಚೀಲ ಇಡಿ. ಒಂದು ಆಸ್ಪಿರಿನ್ ಕೊಟ್ಟರೆ ರಕ್ತ ತೆಳು ಆಗ್ತದೆ ಅಂತ ನನಗೆ ಬಂದಿತ್ತು, ಕಳಿಸ್ತೇನೆ.

ಡಾಕ್ಟರ್: ತಿಕ್ಕಬೇಡಿ! ಎಣ್ಣೆ ಬೇಡ, ಚೀಲ ಬೇಡ, ಆಸ್ಪಿರಿನ್ ಬೇಡ. ಅಕ್ಕ, ಇದಕ್ಕೆ ಉತ್ತರ ಕೊಡಿ. ಒಂದೇ ಕಾಲಾ? ಈಚೆಗೆ ಏನಾದರೂ ಆಪರೇಷನ್ ಆಗಿತ್ತಾ? ಟೈಲರ್ ಟೇಪ್ ಇದ್ದರೆ ಮೊಣಕಾಲಿನ ಕೆಳಗೆ ಎಲುಬಿನ ಉಬ್ಬು ಉಂಟಲ್ಲ, ಅಲ್ಲಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಕಾಲಿನ ಸುತ್ತಳತೆ ನೋಡಿ.

ಮುಳ್ಳೇರಿಯದ ಸದಸ್ಯೆ: ಎಡ 34, ಬಲ 38. ಎರಡು ತಿಂಗಳ ಹಿಂದೆ ಗರ್ಭಕೋಶ ತೆಗೆಸಿದ್ದಾರೆ. ಆಗ ಕೊಟ್ಟ ಬಿಗಿ ಸಾಕ್ಸ್ ದೊಡ್ಡ ಪೆಟ್ಟಿಗೆಯಲ್ಲಿತ್ತು. ಕೊನೆಯ ರಾತ್ರಿ ಪೆಟ್ಟಿಗೆಗೆ ಟ್ಯಾಗ್ ಕಟ್ಟಿ ಕ್ಯಾಬಿನ್ ಹೊರಗೆ ಇಡಬೇಕಿತ್ತಲ್ಲ, ಹಾಗೇ ಹೋಯಿತು. ರೈಲಿನಲ್ಲಿ ಸೀಟಿನಡಿ ಚೈನ್ ಹಾಕಿದ ಮೇಲೆ ತೆಗೆಯಲು ಉದಾಸೀನ. ಶೌಚಾಲಯಕ್ಕೆ ಹೋಗಬೇಕಾಗ್ತದೆ ಅಂತ ಅತ್ತೆ ನೀರೂ ಕುಡಿಯಲಿಲ್ಲ, ಏಳಲೂ ಇಲ್ಲ.

ಡಾಕ್ಟರ್: ಇವತ್ತೇ, ಈಗಲೇ ಹೊರಡಿ. ನಾಲ್ಕು ಸೆಂಟಿಮೀಟರ್ ವ್ಯತ್ಯಾಸ ಸುಸ್ತಿನಿಂದ ಬರುವುದಿಲ್ಲ. ಮೂರು ದಾಟಿದರೇ ನಾವು ಹೆದರುತ್ತೇವೆ. ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆಪರೇಷನ್ ಆಗಿ ಎರಡೇ ತಿಂಗಳು, ಮೇಲಿಂದ ಕೂತಲ್ಲೇ ಕೂತು ಅಷ್ಟು ದೂರದ ಪ್ರಯಾಣ. ತಿಕ್ಕಿದರೆ ಆ ಗಡ್ಡೆ ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ರಕ್ತ ಸರಿಯಾಗಿ ಹರಿಯುತ್ತದಾ ಅಂತ ನೋಡುವ ಕಾಲಿನ ಡಾಪ್ಲರ್ ಸ್ಕ್ಯಾನ್ ಆಗಬೇಕು. ದಾರಿಯಲ್ಲಿ ಏದುಸಿರು ಬಂದರೆ, ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ಹತ್ತಿರದ ಯಾವ ಆಸ್ಪತ್ರೆ ಸಿಕ್ಕಿದರೂ ನುಗ್ಗಿ. ಎಣ್ಣೆ ಹಚ್ಚಿ ಆಗಿದೆಯಾ?

ಮುಳ್ಳೇರಿಯದ ಸದಸ್ಯೆ: ನಿನ್ನೆ ರಾತ್ರಿ ನಾನೇ ಸ್ವಲ್ಪ ತಿಕ್ಕಿದೆ. ಅಯ್ಯೋ.

ಡಾಕ್ಟರ್: ಆದದ್ದು ಆಯಿತು. ಡಾಕ್ಟರಿಗೆ ಅದನ್ನೂ ಹೇಳಿ. ಹೊರಡಿ.

ಮಂಜೇಶ್ವರದ ಸದಸ್ಯ: ಸೀದಾ ಮಂಗಳೂರಿಗೆ ಕರ್ಕೊಂಡು ಹೋಗಿ.

ಕುಂಬಳೆಯ ಸದಸ್ಯ: ಎಲ್ಲದಕ್ಕೂ ಮಂಗಳೂರು! 2020ರಲ್ಲಿ ಕೊರೋನಾ ಸಮಯ ಕರ್ನಾಟಕದವರು ತಲಪಾಡಿ ಗಡಿಯಲ್ಲಿ ದಾರಿ ಮುಚ್ಚಿದ್ದು ಮರೆತು ಹೋಯಿತಾ?

ಮಂಜೇಶ್ವರದ ಸದಸ್ಯ: ಆಗಿನ ಕಥೆ ಈಗ ಯಾಕೆ ಮಾರಾಯ್ರೆ? ನೀವೇ ಕಳೆದ ವರ್ಷ ಕಣ್ಣಿನ ಆಪರೇಷನ್ನಿಗೆ ಎಲ್ಲಿಗೆ ಹೋದದ್ದು?

ಕುಂಬಳೆಯ ಸದಸ್ಯ: ಅದು ಮಗಳ ಮನೆ ಅಲ್ಲಿ ಇತ್ತು ಅಂತ. ನನ್ನ ಕಣ್ಣಿನ ಸುದ್ದಿ ನಿಮಗೆ ಬೇಡ.

ಡಾಕ್ಟರ್: ಡಾಪ್ಲರ್ ಎಲ್ಲಿ ಬೇಗ ಆಗುತ್ತದೋ ಅಲ್ಲಿಗೆ. ಫೋನ್ ಮಾಡಿ ಕೇಳಿಕೊಂಡು ಹೋಗಿ. ಗಡಿ ಜಗಳ ಬೇರೆ ಕಡೆ ಇಟ್ಟುಕೊಳ್ಳಿ.

ಪೆರ್ಲದ ಸದಸ್ಯೆ: ಲಿಂಬೆಹುಳಿ ಮೂಸಿದರೆ ತೂಗುವುದು ನಿಲ್ತದಂತೆ, ಹೌದಾ?

ಡಾಕ್ಟರ್: ಮೂಸಿ. ಆಮೇಲೆ ಶರಬತ್ತು ಮಾಡಿ ಕುಡಿಯಿರಿ.

ಪೆರ್ಲದ ಸದಸ್ಯೆ: ಕೇಳಿದ್ದಕ್ಕೆ ಹೀಗೆ ಹೇಳುವುದಾ?

ಕುಂಬಳೆಯ ಸದಸ್ಯ: ಓದಿದವರಿಗೆ ಅಜ್ಜಿ ಮದ್ದು ಅಂದರೆ ತಮಾಷೆ.

ಡಾಕ್ಟರ್: ನಿಮ್ಮ ಮದ್ದು ಅರ್ಧ ಗಂಟೆ ಹಿಂದೆ ಒಬ್ಬರ ಜೀವಕ್ಕೆ ಬರುತ್ತಿತ್ತು. ಆ ಆಸ್ಪಿರಿನ್ ಮೆಸೇಜ್ ಮೊದಲು ಅಳಿಸಿ.

ಅಡ್ಮಿನ್: ಅಳಿಸಿದ್ದೇನೆ. ಇಬ್ಬರೂ ಸ್ವಲ್ಪ ಸುಮ್ನಿರಿ.

ಮುಳ್ಳೇರಿಯದ ಸದಸ್ಯೆ: ಸ್ಕ್ಯಾನ್ ಆಯಿತು ಡಾಕ್ಟ್ರೇ. ಮೊಣಕಾಲಿನ ಹಿಂದಿನ ನಾಳದಲ್ಲಿ ಗಡ್ಡೆ ಉಂಟಂತೆ. ಹೊಟ್ಟೆಗೆ ಇಂಜೆಕ್ಷನ್ ಕೊಟ್ಟು ಅಡ್ಮಿಟ್ ಮಾಡಿಕೊಂಡರು. ಉಸಿರು ಸರಿ ಉಂಟು. ಅತ್ತೆ ಈಗ ಚಾ ಕೇಳ್ತಿದ್ದಾರೆ.

ಡಾಕ್ಟರ್: ಕೊಡಬಹುದಾ ಅಂತ ಅಲ್ಲಿನ ನರ್ಸಿಗೆ ಕೇಳಿ ಕೊಡಿ. ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆ ಕನಿಷ್ಠ ಮೂರು ತಿಂಗಳು ಬೇಕಾಗುತ್ತದೆ, ನೋವು ಹೋಯಿತು ಅಂತ ನಡುವೆ ನಿಲ್ಲಿಸಬೇಡಿ. ನಾಳೆ ಫೋನ್ ಮಾಡಿ.

ಉಪ್ಪಳದ ಸದಸ್ಯ: ಡಾಕ್ಟ್ರೇ, ನನ್ನದೂ ಒಂದು ಕಾಲು ದಪ್ಪ ಕಾಣ್ತದೆ. ಟೇಪ್ ಇಲ್ಲ, ಹಗ್ಗದಲ್ಲಿ ಅಳೆಯಬಹುದಾ?