ಸಹಾಯ ಬೇಕು: .32ರಲ್ಲಿ ಪಿಸ್ತೂಲಾ, ರಿವಾಲ್ವರಾ?

ಎಲ್ಲರಿಗೂ ನಮಸ್ಕಾರ. ವಿರಾಜಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಯಜಮಾನರು ಹೋದ ಮೇಲೆ ಬ್ಯಾಂಕಿಂದ ಬಟವಾಡೆ ದುಡ್ಡು ತರೋದು ನಾನೇ. ಮನೆಯಲ್ಲಿ ಜೋಡಿ ನಳಿಗೆ ಕೋವಿ ಇದೆ, ಕೈಲ್ ಮುಹೂರ್ತ ಹಬ್ಬಕ್ಕೆ ತಪ್ಪದೆ ಪೂಜೆ ಮಾಡ್ತೀವಿ. ಆದರೆ ಅದನ್ನು ಹೊತ್ತು ಬ್ಯಾಂಕಿಗೆ ಹೋಗೋಕಾಗುತ್ತಾ? ಕೈಬಂದೂಕಿಗೆ ಲೈಸೆನ್ಸ್ ಈಗ ಸಿಕ್ಕಿದೆ.

9 ಎಂಎಂ ನಳಿಗೆ ಅಳತೆಯದು ನಮ್ಮಂಥ ಸಾಮಾನ್ಯರಿಗೆ ನಿಷಿದ್ಧ, ಹಾಗಾಗಿ .32 (ಅಂಗುಲ) ಅಳತೆಯಲ್ಲಿ ನೋಡ್ತಿದ್ದೀನಿ. ಅಂಗಡಿಯಲ್ಲಿ ಅಶನಿ ಪಿಸ್ತೂಲು ಹಿಡಿದು ನೋಡಿದೆ. ಚಪ್ಪಟೆಯಾಗಿದೆ, ಚೂಡಿದಾರದ ಒಳಗೆ ಉಬ್ಬಿ ಕಾಣಲ್ಲ. ಆದರೆ ಗುಂಡು ನಳಿಗೆಗೆ ಏರಿಸೋಕೆ ಸ್ಲೈಡ್ (ಪಿಸ್ತೂಲಿನ ಜಾರುವ ಮೇಲ್ಭಾಗ) ಹಿಂದಕ್ಕೆ ಎಳೆಯೋಕೆ ಹೋದರೆ ಸ್ಪ್ರಿಂಗ್ ಬಲು ಬಿಗಿ. ಬಲಗೈ ಮಣಿಕಟ್ಟು ಹಿಂದೆ ಮುರಿದಿತ್ತು, ಅರ್ಧಕ್ಕೇ ಬೆರಳು ಜಾರಿತು. ನಿರ್ಭೀಕ್ ರಿವಾಲ್ವರ್ ಸುಮಾರು 500 ಗ್ರಾಂ, ಆರು ಗುಂಡು, ಸ್ಲೈಡಿನ ಗೋಳಿಲ್ಲ. ಆದರೆ ಗುಂಡು ತುಂಬೋ ತಿರುಗುವ ಸಿಲಿಂಡರ್ ದಪ್ಪ, ಸೊಂಟದಲ್ಲಿ ಎದ್ದು ಕಾಣುತ್ತೆ. ಇಷ್ಟು ಹಗುರ ಇದ್ದರೆ ಗುಂಡು ಹಾರಿಸಿದಾಗ ಒದೆತ ಜಾಸ್ತಿ ಇರುತ್ತೇನೋ ಅನ್ನೋ ಭಯವೂ ಇದೆ.

ಇವುಗಳಲ್ಲಿ ಯಾವುದನ್ನಾದರೂ ದಿನಾ ಇಟ್ಟುಕೊಂಡು ಓಡಾಡಿದವರು, ಅದರಲ್ಲೂ ಹೆಂಗಸರು, ದಯವಿಟ್ಟು ಹೇಳಿ. ಪಿಸ್ತೂಲಿನ ಸ್ಪ್ರಿಂಗ್ ಬಳಸ್ತಾ ಸಡಿಲ ಆಗುತ್ತಾ? ಯಾವ ಹೋಲ್‌ಸ್ಟರ್ (ಕೈಬಂದೂಕು ಇಡೋ ಚೀಲ) ಒಳ್ಳೇದು? ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗ ಇದ್ದಾನೆ. ಗೋಡೆಗೆ ಕೂರಿಸೋ ಸಣ್ಣ ಲಾಕರ್ ಬಗ್ಗೆಯೂ ಗೊತ್ತಿದ್ದರೆ ತಿಳಿಸಿ.